ಬಾಡಿಗೆಯವನು ಕಂಡ ಬೂಷ್ಟು

‘ಸಾರ್, ನಾಳೆ ಮನೆ ನೋಡಾಕೆ ಬರ್ತಾರೆ. ಬೂಷ್ಟಿನ ವಿಷ್ಯ ಅವರಾಗೇ ಕೇಳಿದ್ರೆ ಹೇಳ್ರಿ. ಕೇಳದಿದ್ರೆ ನೀವ್ಯಾಕೆ ಹೇಳಾಕೆ ಹೋಗ್ತೀರಿ?’

ಹೀಗೆಂದವರು ರುದ್ರಪ್ಪನವರು. ಹೊನ್ನಾಳಿಯಲ್ಲಿ ಮೊನ್ನೆಯವರೆಗೆ ನಾವು ಬಾಡಿಗೆಗಿದ್ದ ಮನೆಯ ಮಾಲೀಕರು. ಮನೆ ಮಾರಾಟಕ್ಕಿತ್ತು.

ಆ ಮನೆಯ ಹಿಂದಿನ ಕೋಣೆಯ ಗೋಡೆಗೆ ಪಕ್ಕದ ಮನೆಯವರ ಬಚ್ಚಲು ಅಂಟಿಕೊಂಡಿದೆ. ವರ್ಷವಿಡೀ ಪಸೆ. ಟ್ರಂಕಿನೊಳಗಿನ ಮದುವೆ ಸೀರೆಗೂ ಬೂಷ್ಟು ಹಿಡಿದಿತ್ತು. ನನ್ನ ಹೆಂಡತಿಗೆ ಕೆಮ್ಮು ಹತ್ತಿದ ಮೇಲೆ ಅಲ್ಲಿ ಮಲಗುವುದನ್ನೇ ಬಿಟ್ಟೆವು. ಈಗ ಅದೇ ಗೋಡೆಗೆ ತಿಳಿನೀಲಿ ಡಿಸ್ಟೆಂಪರ್ ಬಂತು. (ನಾವು ಕೆಮ್ಮುತ್ತಿದ್ದಾಗ ಸುಣ್ಣಕ್ಕೂ ಗತಿಯಿರಲಿಲ್ಲ.)

‘ಇದು ಸುಳ್ಳು ಹೇಳಿದ ಹಾಗಲ್ಲವೇ?’ ಅಂದೆ.

‘ಸುಳ್ಳು ಹೇಳ್ರಿ ಅಂದ್ನಾ? ಸುಮ್ನಿರ್ರಿ ಅಂದೆ ಅಷ್ಟೆ.’

ಎಂಥ ಲಾಜಿಕ್ ನೋಡಿ!

ಮರುದಿನ ಬಂದವರು ಜಗಳೂರು ತಾಲ್ಲೂಕಿನ ಬಿಳಿಚೋಡಿನ ಕಡೆಯ ಬಸಣ್ಣ. ಕುರಿ ವ್ಯಾಪಾರ. ಜೊತೆಗೆ ತಾಯಿ. ಆ ಅಜ್ಜಿಗೆ ಉಬ್ಬಸ. ಊರಿನ ಧೂಳು ಆಗುವುದಿಲ್ಲ, ಬೇರೆ ಕಡೆ ಇಟ್ಟು ನೋಡಿ ಎಂದು ಡಾಕ್ಟರು ಹೇಳಿದ್ದರಂತೆ. ಮನೆ ಕೊಳ್ಳಲು ಹೊರಟಿದ್ದೇ ಅದಕ್ಕಾಗಿ.

ಬಸಣ್ಣ ಹಿಂದಿನ ಕೋಣೆಗೆ ಹೋಗಿ ಗೋಡೆ ಮುಟ್ಟಿದರು. ಸಿಕ್ಕಿಬಿದ್ದರು ರುದ್ರಪ್ಪ, ಅಂದುಕೊಂಡೆ. ಬಸಣ್ಣನ ಮುಖ ಅರಳಿತು.

‘ಏನ್ ತಂಪು ಐತ್ರೀ! ನಮ್ಮ ಕಡೆ ಬ್ಯಾಸಿಗ್ಯಾಗೆ ಗ್ವಾಡೆ ಮುಟ್ಟಿದ್ರೆ ಕೈ ಸುಡುತ್ತೆ. ಅವ್ವ, ಇಲ್ಲಿ ಕೈ ಇಟ್ಟು ನೋಡು.’

ಅಜ್ಜಿ ಕೈಯಲ್ಲ, ಕೆನ್ನೆಯನ್ನೇ ಇಟ್ಟು ನೋಡಿದರು. ‘ಸುಖ ಐತಪ್ಪ’ ಅಂದರು.

ಬರಗಾಲದ ಜಗಳೂರು ಸೀಮೆಯವರಿಗೆ ಗೋಡೆಯೊಳಗೆ ನೀರಿದೆ ಎಂದರೆ ಅದು ಕಾಯಿಲೆಯೇ? ಭಾಗ್ಯ! ರುದ್ರಪ್ಪ ಕಣ್ಣು ಬಿಡುತ್ತಿದ್ದರೂ ಎಲ್ಲ ಹೇಳಿಬಿಟ್ಟೆ. ಬಚ್ಚಲು, ಬೂಷ್ಟು, ಕೆಮ್ಮು, ಯಾವುದನ್ನೂ ಬಿಡಲಿಲ್ಲ. ‘ಉಬ್ಬಸ ಇರುವವರು ಇಲ್ಲಿ ಮಲಗಲೇಬಾರದು’ ಎಂದೆ.

ಬಸಣ್ಣ ನಕ್ಕರು. ‘ಬ್ರೋಕರ್ ಮುಂಚೇನೇ ಹೇಳಿದ್ರು ಬಿಡ್ರಿ. ಬಾಡಿಗೆಯವರು ಖಾಲಿ ಮಾಡಬೇಕಾಗುತ್ತೆ ಅಂತ ಏನಾದ್ರೂ ಒಂದು ಹೇಳೇ ಹೇಳ್ತಾರೆ, ತಲೆಗೆ ಹಾಕ್ಕಬ್ಯಾಡ್ರಿ ಅಂತ.’

ಬಸಣ್ಣನನ್ನು ಬೈಯುವುದು ಹೇಗೆ? ಬಾಡಿಗೆಯವರು ಹಾಗೆ ಹೆದರಿಸುವುದು ನಮ್ಮ ಕಡೆ ಇರುವ ರೂಢಿಯೇ. ಚನ್ನಗಿರಿಯಲ್ಲಿ ನನ್ನ ಗೆಳೆಯನೊಬ್ಬ ಮನೆ ನೋಡಲು ಬಂದವರಿಗೆಲ್ಲ ಅಟ್ಟದ ಮೇಲಿನ ದೆವ್ವದ ಕಥೆ ಹೇಳುತ್ತ ಇಂದಿಗೂ ಅದೇ ಬಾಡಿಗೆ ಮನೆಯಲ್ಲಿ ನೆಮ್ಮದಿಯಾಗಿದ್ದಾನೆ. (ದೆವ್ವವನ್ನಾದರೂ ಜನ ನಂಬುತ್ತಾರೆ.)

ರುದ್ರಪ್ಪನವರಿಗೆ ಸಿಟ್ಟೇ ಬರಲಿಲ್ಲ. ‘ಪಾಪ, ಇದ್ದು ರೂಢಿ ಆಗೈತೆ, ಬಿಟ್ಟು ಹೋಗಾಕೆ ಮನಸಾಗಲ್ಲ’ ಎಂದು ನನ್ನ ಬೆನ್ನು ತಟ್ಟಿದರು. ಸಂಜೆಯೇ ಅಡ್ವಾನ್ಸ್ ಕೈ ಬದಲಾಯಿತು.

ನನಗಂತೂ ಮೈಯೆಲ್ಲ ಉರಿಯಿತು. ಗೋಡೆ ಬಹಳ ಚೆನ್ನಾಗಿದೆ ಎಂದು ನಾನು ಸುಳ್ಳು ಹೇಳಿದ್ದರೆ? ಖಾಲಿ ಮಾಡಬೇಕಾದವನೇ ಹೊಗಳುತ್ತಿದ್ದಾನೆ, ಎಂಥ ಸಜ್ಜನ ಎಂದು ಕೈ ಮುಗಿಯುತ್ತಿದ್ದರು.

ಮೊನ್ನೆ ಭಾನುವಾರ ನಮ್ಮ ಸಾಮಾನು ಗಾಡಿಗೇರುತ್ತಿದ್ದಾಗಲೇ ಅವರ ಸಾಮಾನು ಇಳಿಯಿತು. ಎಲ್ಲಕ್ಕಿಂತ ತಂಪಾದ ಕೋಣೆ ತಾಯಿಗೇ ಇರಲಿ ಎಂದು ಬಸಣ್ಣ ಅಜ್ಜಿಯ ಮಂಚವನ್ನು ಅದೇ ಗೋಡೆಗೆ ಒತ್ತಿಸಿ ಹಾಕಿಸಿದರು. ಒಳ್ಳೆಯ ಮಗ, ಅದರಲ್ಲಿ ಎರಡು ಮಾತಿಲ್ಲ.

ನನ್ನ ಹೆಂಡತಿಗೆ ತಡೆಯಲಾಗಲಿಲ್ಲ. ಅಜ್ಜಿಯ ಹತ್ತಿರ ಕುಳಿತು, ‘ಅಜ್ಜಿ, ಕೈ ಮುಗೀತೀನಿ, ಈ ಕೋಣೆ ಬ್ಯಾಡ. ಪಡಸಾಲ್ಯಾಗೆ ಮಲಗ್ರಿ’ ಎಂದಳು. ಹೇಳುತ್ತ ಕಣ್ಣಲ್ಲಿ ನೀರು ಬಂತು.

ಅಜ್ಜಿ ಅವಳ ತಲೆ ನೇವರಿಸಿದರು.

‘ಅಳಬ್ಯಾಡವ್ವ. ಇದ್ದ ಮನೆ ಬಿಡಾಕೆ ಯಾರಿಗಾದ್ರೂ ಸಂಕಟ ಆಗುತ್ತೆ’ ಎಂದು ಸಮಾಧಾನ ಮಾಡಿದರು.

ನಿಜ ಹೇಳುವುದಕ್ಕೂ ಸ್ವಂತ ಮನೆ ಇರಬೇಕೇನ್ರೀ?