ಹನ್ನೆರಡನೆಯ ಸೀಟು

ಒಮಾನಿನಲ್ಲಿ ನಮ್ಮ ಭಾನುವಾರ ಶುಕ್ರವಾರವೇ ಬರುತ್ತದೆ. ರಜೆ ಆ ದಿನವಾದ್ದರಿಂದ ಮಕ್ಕಳ ಧರ್ಮಶಿಕ್ಷಣವೂ ಆ ದಿನ ಬೆಳಿಗ್ಗೆ, ದೊಡ್ಡವರ ಪೂಜೆ ಸಂಜೆ. ನಾವಿರುವ ಅಲ್ ಮವಾಲೇಹ್‌ನಿಂದ ಚರ್ಚು ದೂರ. ಗಂಡನಿಗೆ ಹೋಟೆಲಿನ ಅಡುಗೆಮನೆಯಲ್ಲಿ ಶುಕ್ರವಾರ ಮಧ್ಯಾಹ್ನದವರೆಗೆ ಬಿಡುವಿಲ್ಲ. ನನಗೆ ಕಾರು ಓಡಿಸಲು ಬಾರದು. ಪುಣ್ಯಕ್ಕೆ ಚರ್ಚಿನ ಸಮಿತಿಯ ಖರ್ಚಿನಲ್ಲಿ ಒಂದು ಬಸ್ಸು ಬರುತ್ತಿತ್ತು. ಮಗಳನ್ನು ಹತ್ತಿಸಿ, ಅದು ತಿರುವು ದಾಟುವವರೆಗೆ ನಿಂತು, ಒಂದು ನಮೋ ಮರಿಯಾ ಪ್ರಾರ್ಥನೆ ಹೇಳಿ ಒಳಗೆ ಬರುವುದು ನನ್ನ ರೂಢಿ.

ಕಳೆದ ವರ್ಷ ಸಮಿತಿ ಹೊಸ ನಿಯಮ ಮಾಡಿತು: ಒಂದು ಜಾಗದಿಂದ ಹನ್ನೆರಡು ಮಂದಿ ಹತ್ತಿದರೆ ಮಾತ್ರ ಬಸ್ಸು. ಎಣಿಸಿದ್ದು ಆಗಸ್ಟಿನಲ್ಲಿ, ಇಲ್ಲಿನ ಬೇಸಿಗೆ ರಜೆ ಮುಗಿದ ಮೊದಲ ಶುಕ್ರವಾರ. ಆಗ ನಮ್ಮವರಲ್ಲಿ ಅರ್ಧ ಜನ, ವಿಮಾನದ ಟಿಕೆಟ್ ದರ ಇಳಿಯಲೆಂದು, ಇನ್ನೂ ಊರಲ್ಲೇ ಇದ್ದರು. ಸಿಕ್ಕಿದ್ದು ಆರು ಮಕ್ಕಳು. ತಿಂಗಳ ಕೊನೆಗೆ ಬಸ್ಸು ಬಂದ್ ಎಂದು ಸಂದೇಶ ಬಂತು. ಮಗಳು ಆ ವರ್ಷ ಪ್ರಥಮ ಪರಮಪ್ರಸಾದಕ್ಕೆ, ಎಂದರೆ ಪೂಜೆಯಲ್ಲಿ ಮೊದಲ ಸಲ ಪ್ರಸಾದದ ರೊಟ್ಟಿ ಸ್ವೀಕರಿಸಲು, ತಯಾರಾಗುತ್ತಿದ್ದಳು. ಮೂರು ತರಗತಿ ತಪ್ಪಿದರೆ ಅದು ಮುಂದಿನ ವರ್ಷಕ್ಕೆ ಹೋಗುತ್ತದೆ.

ಸಮಿತಿಯ ಹಿರಿಯರಿಗೆ ಫೋನ್ ಮಾಡಿದೆ. ನಮ್ಮಿಬ್ಬರ ಮನೆಮಾತೂ ಕೊಂಕಣಿ. ಆದರೆ ಸಮಿತಿಯ ವಿಷಯ ಬಂದರೆ ಅವರು ಕನ್ನಡಕ್ಕೆ ಹೊರಳುತ್ತಾರೆ.

“ಎಂತ ಮಾಡುದು ಬಾಯೇ, ರೂಲ್ ಅಂದ್ರೆ ರೂಲ್.”

“ನೀವು ಊರಿಂದ ಬಂದದ್ದು ಯಾವಾಗ ಮಾರಾಯ್ರೆ?”

“ಮೊನ್ನೆ,” ಎಂದರು. “ಆಯ್ತು, ಬರುವ ಶುಕ್ರವಾರ ಇನ್ನೊಮ್ಮೆ ಎಣಿಸುವಾ. ಹನ್ನೆರಡು ಇರ್ಬೇಕು.”

ಮನೆಮನೆಗೆ ಹೋಗಿ ಕೇಳಿದೆ. ಹನ್ನೊಂದಕ್ಕೆ ನಿಂತಿತು. ಒಂದು ಕುಟುಂಬ ಅಲ್ ಖೌದ್‌ಗೆ ಮನೆ ಬದಲಿಸಿತ್ತು.

ನನ್ನ ಮುಖ ನೋಡಿ ಎದುರುಮನೆಯ ಧಾರವಾಡದಾಕೆ ಹೇಳಿದಳು, “ಅಕ್ಕಾರ, ನಮ್ಮ ಹುಡುಗೀನ ಕೂಡಿಸ್ರಿ. ಎಣಸವ್ರು ಏನ್ ಜಾತಕಾ ಕೇಳ್ತಾರೇನ್ರಿ?”

“ಕೇಳುದಿಲ್ಲ. ಆದ್ರೆ ದೇವರ ಪಾಠಕ್ಕೆ ಹೋಗ್ಲಿಕ್ಕೆ ಸುಳ್ಳು ಹೇಳುದು ಹೇಗೆ?”

“ನಿಮ್ಮ ದೇವ್ರು ಭಾಳ ಸ್ಟ್ರಿಕ್ಟ್ ಬಿಡ್ರಿ,” ಎಂದು ಒಂದು ಡಬ್ಬಿ ಶೇಂಗಾ ಚಟ್ನಿ ಕೈಗಿಟ್ಟು ಹೋದಳು.

ಶುಕ್ರವಾರ ಹಿರಿಯರು ಪಟ್ಟಿ ಹಿಡಿದು ಬಸ್ಸಿನ ಬಾಗಿಲಲ್ಲಿ ನಿಂತರು. ಅವರು ಎಣಿಸುವ ಮೊದಲೇ ನಾನು ಹೇಳಿದೆ, “ಹನ್ನೊಂದೇ ಇರುದು.”

ಅವರು ಪಟ್ಟಿ ಮಡಚಿದರು. “ಮೂರನೇ ಕ್ಲಾಸಿಗೆ ಟೀಚರ್ ಇಲ್ಲ ಬಾಯೇ, ಮಕ್ಕಳು ಪಾಠ ಇಲ್ದೆ ಗಲಾಟೆ ಮಾಡ್ತಾರೆ. ಟೀಚರ್ ಹತ್ತಿದ್ರೂ ಒಂದು ಸೀಟೇ ಅಲ್ವಾ?”

“ನಾನು ಕನ್ನಡ ಮೀಡಿಯಮ್ಮು. ಈ ಮಕ್ಕಳು ಇಂಗ್ಲಿಷಲ್ಲೇ ಉತ್ತರ ಕೊಡುದು.”

“ಶಿಲುಬೆಯ ಗುರುತು ಮಾಡ್ಲಿಕ್ಕೆ ಇಂಗ್ಲಿಷ್ ಎಂತಕ್ಕೆ? ಯಲ್ಲಾ, ಬೇಗ ಹತ್ತಿ.”

ಒಲೆಯ ಮೇಲೆ ಏನೂ ಇಟ್ಟು ಬಂದಿರಲಿಲ್ಲ. ಅದು ದೇವರ ದಯೆ. ಬೀಗದ ಕೈ ಸೆರಗಿನಲ್ಲೇ ಇತ್ತು. ಸ್ನಾನದ ಮನೆಯ ರಬ್ಬರ್ ಚಪ್ಪಲಿಯಲ್ಲೇ ಹತ್ತಿದೆ. ಮಗಳು ಗೆಳತಿಯರ ಎದುರು ಮುಖ ಮುಚ್ಚಿಕೊಂಡಳು. ಬಸ್ಸು ತಿರುವು ದಾಟುವಾಗ ನಮೋ ಮರಿಯಾ ಹೇಳಿದೆ, ಒಳಗೆ ಕೂತೇ.

ಮೇ ತಿಂಗಳಲ್ಲಿ ಮಗಳು ಪರಮಪ್ರಸಾದ ಸ್ವೀಕರಿಸಿದಳು. ಧಾರವಾಡದಾಕೆ ಇಳಕಲ್ ಸೀರೆ ಉಟ್ಟು ಬಂದು ನನ್ನ ಪಕ್ಕದಲ್ಲೇ ಕೂತಳು. ಮೂರನೇ ಕ್ಲಾಸು ಈಗಲೂ ನನ್ನದೇ. ಬಸ್ಸು ಬರುತ್ತಿದೆ.