ಸೂಜಿ ಚುಚ್ಚುವ ಮೊದಲು

ನನ್ನ ಎಡಗಿವಿ ಮಂದವಾಗುತ್ತಿದೆ ಎಂದು ನನಗೆ ಗೊತ್ತಾದದ್ದು ಪಾಠ ಮಾಡುವಾಗ. ತೊಂಬತ್ತರ ದಶಕದ ಕೊನೆಯ ವರ್ಷಗಳು. ದಾವಣಗೆರೆಯ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದೆ. ಎಡಗಡೆ ಬೆಂಚಿನ ಹುಡುಗಿಯೊಬ್ಬಳು ಏನೋ ಕೇಳಿದಳಂತೆ, ಎರಡನೆಯ ಸಲವೂ ಕೇಳಿದಳಂತೆ. ನಾನು ಬೋರ್ಡಿನ ಮೇಲೆ ಬೇರಿನ ಚಿತ್ರ ಬರೆಯುತ್ತಲೇ ಇದ್ದೆ. ಮಿಸ್ಸಿಗೆ ಸಿಟ್ಟು ಬಂದಿದೆ ಎಂದುಕೊಂಡು ಇಡೀ ತರಗತಿ ಗಪ್ಪಾಯಿತು. ಆ ಮೌನವೇ ನನ್ನನ್ನು ತಿರುಗಿ ನೋಡುವಂತೆ ಮಾಡಿತು. ಕೆಲವೇ ವಾರಗಳಲ್ಲಿ ಆ ಕಿವಿಯೊಳಗೆ ಒಂದು ಸದ್ದು ಶುರುವಾಯಿತು, ಎಲ್ಲೋ ದೂರದಲ್ಲಿ ಹಿಟ್ಟಿನ ಗಿರಣಿ ಓಡುತ್ತಿರುವ ಹಾಗೆ.

ಹೇಳಿಕೊಳ್ಳಲು ಮನೆಯಲ್ಲಿ ಯಾರೂ ಇರಲಿಲ್ಲ. ವಿದ್ಯಾನಗರದಲ್ಲಿ ಒಂದು ಮನೆಯ ಮಹಡಿಯ ಮೇಲೆ ಒಂದು ಕೋಣೆ, ಒಂದು ಸಣ್ಣ ಅಡುಗೆಮನೆ ಬಾಡಿಗೆಗೆ ಹಿಡಿದು ಒಬ್ಬಳೇ ಇದ್ದೆ. ಮದುವೆ ಮುರಿದು ಕೆಲವು ವರ್ಷಗಳಾಗಿದ್ದವು. ಹೊಡೆತ ಬಡಿತ ಏನೂ ಇರಲಿಲ್ಲ. ಗಂಡನಿಗೂ ನನಗೂ ಮಾತು ಕಡಿಮೆಯಾಗುತ್ತಾ ಹೋಗಿ ಒಂದು ದಿನ ನಿಂತೇ ಹೋಯಿತು, ಅಷ್ಟೇ. ಇಬ್ಬರೂ ಒಪ್ಪಿ ಬಿಡುಗಡೆ ಪಡೆದೆವು. ಅವರು ನಾವಿದ್ದ ಹರಿಹರದಲ್ಲೇ ಉಳಿದು ಮತ್ತೆ ಮದುವೆಯಾದರು. ಕುಕ್ಕುವಾಡದಲ್ಲಿದ್ದ ನನ್ನ ತಾಯಿ ತೀರಿಕೊಂಡ ಮೇಲೆ ನನಗೆ ತವರು ಎಂದು ಹೋಗುವ ಜಾಗವೂ ಉಳಿಯಲಿಲ್ಲ. ಭಾನುವಾರ ಬೆಳಿಗ್ಗೆಯಿಂದ ಸಂಜೆಯವರೆಗೆ ಒಂದು ಮಾತೂ ಆಡದೆ ಕಳೆದ ದಿನಗಳಿದ್ದವು. ಮನೆಯಲ್ಲಿ ಮನುಷ್ಯರ ದನಿಯೊಂದು ಇರಲಿ ಎಂದು ರೇಡಿಯೋ ಹಚ್ಚಿಡುತ್ತಿದ್ದೆ.

ಕಿವಿಯ ಡಾಕ್ಟರು ಪರೀಕ್ಷೆ ಮಾಡಿ, ಕಿವಿಯಿಂದ ಮೆದುಳಿಗೆ ಹೋಗುವ ನರದ ಮೇಲೆ ಗಂಟೇನಾದರೂ ಬೆಳೆದಿದೆಯೋ ನೋಡಬೇಕು ಎಂದರು. ಅದಕ್ಕೆ ಎಂ.ಆರ್.ಐ. ಸ್ಕ್ಯಾನ್ ಆಗಬೇಕಿತ್ತು. ಊರಿಗೆ ಆ ಯಂತ್ರ ಆಗಿನ್ನೂ ಹೊಸದು. ಸ್ಕ್ಯಾನ್ ಸೆಂಟರಿನಲ್ಲಿ ಫಿನಾಯಿಲ್ ವಾಸನೆಗಿಂತ ಹೊಸ ಪೇಂಟಿನ ವಾಸನೆಯೇ ಹೆಚ್ಚಿತ್ತು. ಅಲ್ಲಿದ್ದ ಡಾಕ್ಟರು ಇನ್ನೂ ಸಣ್ಣ ವಯಸ್ಸಿನವರು. ಎದುರಿಗೆ ಕೂರಿಸಿಕೊಂಡು ಒಂದೊಂದೇ ಕೇಳಿದರು. ದಮ್ಮು ಇದೆಯಾ? ಕಿಡ್ನಿ ತೊಂದರೆ? ಗರ್ಭಿಣಿಯಾ? ಕೊನೆಯದಕ್ಕೆ ಇಲ್ಲ ಎನ್ನುವಾಗ ನಾನು ಯಾಕೋ ಕಿಟಕಿಯ ಕಡೆ ನೋಡಿದೆ.

"ನರದ ಮೇಲಿನ ಸಣ್ಣ ಗಂಟು ಚೆನ್ನಾಗಿ ಕಾಣಬೇಕಂದ್ರೆ ಸ್ಕ್ಯಾನ್ ನಡುವೆ ಒಂದು ಔಷಧ ಕೈಯ ರಕ್ತನಾಳಕ್ಕೆ ಕೊಡ್ತೀವಿ. ಹಿಂದೆ ಯಾವತ್ತಾದ್ರೂ ಎಕ್ಸ್‌ರೇಗೆ ಡೈ ಇಂಜೆಕ್ಷನ್ ತಗೊಂಡಿದ್ರಾ?" ಎಂದರು.

ತೆಗೆದುಕೊಂಡಿದ್ದೆ. ಮದುವೆಯಾದ ಹೊಸದರಲ್ಲಿ ಪಕ್ಕೆ ನೋವು ಬಂದು, ಮೂತ್ರಪಿಂಡದಲ್ಲಿ ಕಲ್ಲಿದೆಯೋ ಎಂದು ನೋಡಲು ಹರಿಹರದ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಡೈ ಚುಚ್ಚಿ ಎಕ್ಸ್‌ರೇ ತೆಗೆದಿದ್ದರು. ಮೈಯೆಲ್ಲ ಬಿಸಿಯಾದದ್ದು ನೆನಪಿತ್ತು. ಬಾಯಲ್ಲಿ ಕಬ್ಬಿಣ ನೆಕ್ಕಿದ ರುಚಿ. ಆಮೇಲೆ ಕಣ್ಣು ಬಿಟ್ಟಾಗ ಸಂಜೆಯಾಗಿತ್ತು. ಬಿಸಿಲಿಗೆ ತಲೆ ಸುತ್ತಿತ್ತು ಎಂದು ಗಂಡ ಹೇಳಿದ್ದರು. ನಾನೂ ಅದನ್ನೇ ನಂಬಿಕೊಂಡಿದ್ದೆ.

ಡಾಕ್ಟರು ಪೆನ್ನು ಕೆಳಗಿಟ್ಟರು. "ಬರೀ ತಲೆ ಸುತ್ತಿದ್ದಾ? ಮೈಮೇಲೆ ದದ್ದು? ಮುಖ ಊದಿತ್ತಾ? ಉಸಿರಾಟ ಹೇಗಿತ್ತು?"

"ಗೊತ್ತಿಲ್ಲ," ಎಂದೆ.

"ನೋಡಿ, ನಾವು ಕೊಡೋದು ಆ ಔಷಧ ಅಲ್ಲ. ಅದರಲ್ಲಿ ಅಯೋಡಿನ್ ಇರುತ್ತೆ, ಇದು ಗ್ಯಾಡೊಲಿನಿಯಂ ಅಂತ. ಇದರಿಂದ ತೊಂದರೆ ಆಗೋದು ತೀರ ಅಪರೂಪ. ಆದರೆ ಅದು ಒಮ್ಮೆ ಮೈಗೆ ಒಗ್ಗಿಲ್ಲ ಅಂದ್ರೆ ಇದಕ್ಕೂ ನಾವು ಹುಷಾರಾಗಿರಬೇಕು. ಅವತ್ತು ಏನಾಯ್ತು ಅಂತ ಗೊತ್ತಾಗದೆ ನಾನು ಸೂಜಿ ಚುಚ್ಚಲ್ಲ. ಆ ಆಸ್ಪತ್ರೆಯಲ್ಲಿ ವಿಚಾರಿಸಿ."

"ಅದು ಮುಚ್ಚಿ ಹೋಗಿದೆ. ಆ ಡಾಕ್ಟರೂ ಈಗಿಲ್ಲ."

"ಹಾಗಾದ್ರೆ ಅವತ್ತು ನಿಮ್ಮ ಜೊತೆ ಯಾರಿದ್ರೋ ಅವರನ್ನ ಕೇಳ್ಕೊಂಡು ಬನ್ನಿ. ಸ್ಕ್ಯಾನಿಗೆ ಬರುವಾಗಲೂ ಜೊತೆಗೆ ಒಬ್ಬರು ಇರಲಿ."

ಅಲ್ಲಿಂದ ಮನೆಯವರೆಗೂ ನಡೆದೇ ಬಂದೆ. ನನ್ನ ಮೈಗೆ ಆದದ್ದು ನನಗೆ ಗೊತ್ತಿಲ್ಲ, ಈಗ ನನ್ನವರಲ್ಲದವರಿಗೆ ಗೊತ್ತಿದೆ. ಅವತ್ತು ನನ್ನ ಮಂಚದ ಪಕ್ಕದಲ್ಲಿ ಇದ್ದವರು ಇಬ್ಬರೇ, ಗಂಡ ಮತ್ತು ಅತ್ತೆ. ಗಂಡನನ್ನು ಕೇಳುವ ಧೈರ್ಯ ನನಗಿರಲಿಲ್ಲ.

ಅವರು ಕಾರ್ಖಾನೆಗೆ ಹೋಗಿರುವ ಹೊತ್ತು ನೋಡಿಕೊಂಡು, ಕಾಲೇಜಿಗೆ ರಜೆ ಹಾಕಿ, ಹರಿಹರದ ಬಸ್ ಹತ್ತಿದೆ. ನಿಲ್ದಾಣದಿಂದ ಆ ಬೀದಿಗೆ ಕಾಲುಗಳು ತಾವಾಗಿಯೇ ನಡೆದವು. ಮನೆಗೆ ಬೇರೆ ಬಣ್ಣ ಬಳಿದಿದ್ದರು. ಬಾಗಿಲು ತೆಗೆದವಳು ನನಗಿಂತ ಚಿಕ್ಕವಳು, ಸೊಂಟದ ಮೇಲೆ ಒಂದು ಕೂಸು. ಅವರ ಈಗಿನ ಹೆಂಡತಿ.

"ಯಾರು ಬೇಕಾಗಿತ್ರಿ?"

"ಅಮ್ಮಾವ್ರು ಇದಾರಾ?"

"ಯಾರು ಬಂದಾರ ಅಂತ ಹೇಳ್ಲಿ?"

ಅಷ್ಟರಲ್ಲಿ ಒಳಗಿನಿಂದ ಅತ್ತೆಯೇ ಬಂದರು. ಮೊರ ಕೈಯಲ್ಲಿತ್ತು.

"ಒಳಗ ಬಾರವ್ವ. ಬಾಗಿಲಾಗ ಯಾಕ ನಿಂತಿ?"

ಅಷ್ಟು ಕೇಳಿದ್ದೇ ಆ ಹುಡುಗಿಗೆ ನಾನು ಯಾರೆಂದು ತಿಳಿದುಹೋಯಿತು. ಮುಖ ಕೆಂಪಾಯಿತು. ಆದರೂ ಚಾಪೆ ಹಾಸಿ, ನೀರು ತಂದಿಟ್ಟು, ಕೂಸನ್ನು ಎತ್ತಿಕೊಂಡು ಅಡುಗೆಮನೆಗೆ ಹೋದಳು. ನಾನು ಬಂದ ವಿಷಯ, ಸ್ಕ್ಯಾನಿಗೆ ಜೊತೆಗೊಬ್ಬರು ಬೇಕೆಂದದ್ದು, ಎಲ್ಲ ಹೇಳಿದೆ. ಗಂಟಿನ ಅನುಮಾನದ ಮಾತು ಬಂದಾಗ ಅತ್ತೆ ಮೊರ ಪಕ್ಕಕ್ಕಿಟ್ಟು ಹತ್ತಿರ ಸರಿದು ಕೂತರು.

"ತಲಿ ಸುತ್ತಿದ್ದಲ್ಲ ಅದು," ಎಂದರು. "ಸೂಜಿ ತೆಗೆಯೋದೇ ತಡ, ಮೈತುಂಬ ಗಂಧಿ ದದ್ದು ಎದ್ವು. ತುಟಿ ಹಿಂಗೆ ದಪ್ಪ. ಕಣ್ಣು ಮುಚ್ಚಿಹೋಗಿದ್ವು, ನಿನ್ನ ಮುಖ ಗುರ್ತು ಸಿಗಲಿಲ್ಲ ನನಗೆ. ಬೆರಳು ಊದಿ ಉಂಗುರ ಕಚ್ಚಿಕೊಂಡಿತ್ತು. ಸೋಪು ಹಚ್ಚಿ ನಾನೇ ತೆಗೆದೆ. ಉಸಿರು ತಗೊಂಡ್ರೆ ಸಿಳ್ಳೆ ಹೊಡೆದಂಗೆ ಸಪ್ಪಳ. ಡಾಕ್ಟರು ಓಡಿ ಬಂದು ಇಂಜೆಕ್ಷನ್ ಮ್ಯಾಲೆ ಇಂಜೆಕ್ಷನ್ ಕೊಟ್ರು, ಮೂಗಿಗೆ ಗಾಳಿ ಹಚ್ಚಿದ್ರು."

"ನನಗೆ ಯಾರೂ ಹೇಳಲೇ ಇಲ್ವಲ್ಲ ಅತ್ತೆ." ಆ ಸಂಬೋಧನೆ ಬಾಯಿಂದ ತಾನಾಗಿಯೇ ಬಂದಿತ್ತು.

"ಹೆದರ್ತಾಳ, ಹೇಳೋದು ಬ್ಯಾಡ ಅಂದ ಅವನು. ಆಮ್ಯಾಲೆ ಮರ್ತೇ ಹೋತು. ನೀನು ಹೋದ ಮ್ಯಾಲೆ ಒಂದಿನ ಧಸಕ್ಕಂತು ನೋಡು. ನಿನಗೆ ಮತ್ತೆ ಯಾರಾರ ಆ ಸೂಜಿ ಚುಚ್ಚಿದ್ರೆ ಹೆಂಗೆ, ಹೇಳೋರು ಯಾರದಾರ ಅಂತ. ಹೇಳಿ ಕಳಸಾಕ ದಾರಿ ಕಾಣಲಿಲ್ಲ."

ಒಳಗಿನಿಂದ ಆ ಹುಡುಗಿ ಚಹಾ ತಂದಳು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, "ನಿನ್ನ ಕೂಡ ನಾನಾದರೂ ಬರ್ತಿದ್ದೆ. ಆದರೆ ಮನ್ಯಾಗ ಏನಂತ ಹೇಳ್ಲಿ?" ಎಂದರು. ಬರುವುದು ಬೇಡ ಎಂದೆ. ಇನ್ನೂ ಸ್ವಲ್ಪ ಹೊತ್ತು ಕೂರು ಎಂದು ಅವರು ಹೇಳಲಿಲ್ಲ. ಕೂರುವ ಹಕ್ಕು ನನಗೂ ಇರಲಿಲ್ಲ. ಬಸ್ಸಿನಲ್ಲಿ ಕೂತ ಮೇಲೆ ಅಳು ಬಂತು. ಪಕ್ಕದಲ್ಲಿ ಕೂತಿದ್ದ ಹೆಂಗಸು ಏನೋ ಕೇಳಿದಳು. ಅವಳು ನನ್ನ ಎಡಕ್ಕಿದ್ದಳು, ನನಗೆ ಕೇಳಿಸಲಿಲ್ಲ.

ಅತ್ತೆ ಹೇಳಿದ್ದನ್ನೆಲ್ಲ ಡಾಕ್ಟರಿಗೆ ಒಪ್ಪಿಸಿದೆ. ಅವರು ಎಲ್ಲವನ್ನೂ ಬರೆದುಕೊಂಡರು. "ಮೊದಲು ಔಷಧ ಇಲ್ಲದೆಯೇ ಸ್ಕ್ಯಾನ್ ಮಾಡೋಣ. ಅದರಲ್ಲೇ ಸ್ಪಷ್ಟವಾಗಿ ಕಂಡರೆ ಸೂಜಿಯೇ ಬೇಡ. ಬೇಕೇ ಬೇಕು ಅನ್ನಿಸಿದರೆ ಮಾತ್ರ ಕೊಡೋಣ. ತಯಾರಿ ಮಾಡ್ಕೊಂಡೇ ಇರೋಣ," ಎಂದು ಹಿಂದಿನ ದಿನ ಸಂಜೆಗೂ ಆ ದಿನ ಬೆಳಿಗ್ಗೆಗೂ ನುಂಗಲು ಅಲರ್ಜಿ ತಡೆಯುವ ಮಾತ್ರೆ ಬರೆದುಕೊಟ್ಟರು.

ಜೊತೆಗೆ ಬಂದವರು ನನ್ನ ಮನೆಯ ಮಾಲೀಕರ ಹೆಂಡತಿ. ಕೆಳಗಿನ ಮನೆಯಲ್ಲಿದ್ದರೂ ಬಾಡಿಗೆ, ನಲ್ಲಿನೀರು ಬಿಟ್ಟು ಬೇರೆ ಮಾತು ನಮ್ಮಲ್ಲಿ ಆಗಿರಲಿಲ್ಲ. ಅಳುಕುತ್ತಲೇ ಕೇಳಿದ್ದೆ. "ಅದಕ್ಯಾಕ ಇಷ್ಟು ಸಂಕೋಚ ರೀ, ನಡೀರಿ," ಎಂದು ಹೊರಟುಬಿಟ್ಟಿದ್ದರು. ಯಂತ್ರದ ಕೋಣೆಗೆ ಹೋಗುವ ಮುಂಚೆ ಮೈಮೇಲಿನ ಲೋಹವನ್ನೆಲ್ಲ ತೆಗೆಯಬೇಕು ಎಂದರು ಅಲ್ಲಿನ ನರ್ಸಮ್ಮ. ಓಲೆ, ಬಳೆ ತೆಗೆದುಕೊಟ್ಟೆ. ಕೊರಳಿನಲ್ಲಿದ್ದ ಇಷ್ಟಲಿಂಗದ ಬೆಳ್ಳಿ ಕರಡಿಗೆಯನ್ನು ಕೈಯಲ್ಲಿ ಹಿಡಿದು ನಿಂತುಬಿಟ್ಟೆ. ಅದನ್ನು ಬೇರೆಯವರ ಕೈಗೆ ಕೊಟ್ಟು ಅಭ್ಯಾಸವಿರಲಿಲ್ಲ.

ಮಾಲೀಕರ ಹೆಂಡತಿಯೇ ಅಂಗೈ ಚಾಚಿದರು. "ಕೊಡ್ರಿ ಇಲ್ಲಿ. ನನ್ನ ಲಿಂಗದ ಜೊತಿಗೇ ಇರ್ತೈತೆ."

ಯಂತ್ರದೊಳಗೆ ಮಲಗಿದಾಗ ಯಾರೋ ತಗಡು ಬಡಿಯುತ್ತಿರುವಂಥ ಸದ್ದು. ಬಹಳ ಹೊತ್ತಾದ ಮೇಲೆ ಮಂಚ ಹೊರಗೆ ಸರಿಯಿತು. ಒಂದು ಕಡೆ ಅನುಮಾನ ಉಳಿದಿದೆ, ಔಷಧ ಕೊಡಬೇಕು ಎಂದರು ಡಾಕ್ಟರು. ತಟ್ಟೆಯಲ್ಲಿ ಬೇರೆ ಸಿರಿಂಜುಗಳನ್ನೂ ತುಂಬಿಟ್ಟಿದ್ದರು, ಆಕ್ಸಿಜನ್ನಿನ ನಳಿಕೆ ಗೋಡೆಯ ಪಕ್ಕದಲ್ಲೇ ಇತ್ತು. ನರ್ಸಮ್ಮ ನಿಧಾನವಾಗಿ ಔಷಧ ಬಿಟ್ಟರು. ತೋಳಿನಲ್ಲಿ ತಣ್ಣಗೆ ಏನೋ ಏರಿಹೋಯಿತು. ಡಾಕ್ಟರು ಹೊರಗೆ ಹೋಗಲಿಲ್ಲ, ನನ್ನ ಬಲಗಡೆ ನಿಂತು ಮಣಿಕಟ್ಟು ಹಿಡಿದುಕೊಂಡರು.

"ತುರಿಕೆ ಇದೆಯಾ? ಗಂಟಲು ಬಿಗಿದಂತಾಗ್ತಿದೆಯಾ? ಮಾತಾಡಿ ನೋಡೋಣ."

"ಏನೂ ಇಲ್ಲ."

"ಇನ್ನೂ ಮಾತಾಡಿ. ನಿಮ್ಮ ದನಿ ಕೇಳಬೇಕು ನನಗೆ."

ಹುಡುಗಿಯರಿಗೆ ಮರುದಿನ ಮಾಡಬೇಕಿದ್ದ ಪಾಠವನ್ನೇ ಹೇಳತೊಡಗಿದೆ. ಬೇರು ನೀರನ್ನು ಹೇಗೆ ಮೇಲಕ್ಕೆ ಎಳೆಯುತ್ತದೆ ಎಂಬುದನ್ನು. ಅವರು ತಲೆಯಾಡಿಸುತ್ತಾ ಕೇಳಿದರು. ಯಾರೋ ನನ್ನ ಕೈ ಹಿಡಿದು ಅಷ್ಟು ಹೊತ್ತು ನನ್ನ ಮಾತು ಕೇಳಿ ಎಷ್ಟೋ ಕಾಲವಾಗಿತ್ತು.

ಏನೂ ಆಗಲಿಲ್ಲ. ಸ್ಕ್ಯಾನ್ ಮುಗಿದ ಮೇಲೂ ಸೂಜಿಯನ್ನು ಕೈಯಲ್ಲೇ ಬಿಟ್ಟು ಹೊರಗೆ ಕೂರಿಸಿ, ಆಗಾಗ ಬಂದು ಮುಖ ನೋಡಿ ಹೋಗುತ್ತಿದ್ದರು. ಕಳಿಸುವಾಗ ಡಾಕ್ಟರು, "ಇವತ್ತು ಏನೂ ಆಗಲಿಲ್ಲ ಅಂತ ಮರೆತುಬಿಡಬೇಡಿ. ಇನ್ನು ಮುಂದೆ ಎಲ್ಲೇ ಇಂಜೆಕ್ಷನ್ ಅಂದ್ರೂ ಹಳೇ ವಿಷಯ ಮೊದಲು ಹೇಳಿ," ಎಂದರು.

ಗಂಟು ಇರಲಿಲ್ಲ. ನರ ಸ್ವಚ್ಛವಾಗಿತ್ತು. ಕಿವಿ ಮಾತ್ರ ಮರಳಿ ಬರಲಿಲ್ಲ, ಗಿರಣಿಯ ಸದ್ದೂ ನಿಲ್ಲಲಿಲ್ಲ. ಅದರ ಜೊತೆಗೇ ಇರುವುದನ್ನು ಕಲಿತೆ.

ಏನೂ ತೊಂದರೆಯಾಗಲಿಲ್ಲ ಎಂದು ಅತ್ತೆಗೆ ತಿಳಿಸಬೇಕೆನ್ನಿಸುತ್ತಿತ್ತು. ಆ ಮನೆಯ ಫೋನ್ ನಂಬರು ನನಗೆ ಬಾಯಿಪಾಠವಿತ್ತು. ಒಂದು ಮಧ್ಯಾಹ್ನ ಕಾಲೇಜಿನ ಎದುರಿನ ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿದೆ. ಎತ್ತಿದವಳು ಆ ಹುಡುಗಿ. ನಾನು ತೊದಲುವಷ್ಟರಲ್ಲೇ ದನಿ ಗುರುತಿಸಿದಳು.

"ಏನಾತ್ರಿ? ಸೂಜಿಗೆ ಏನೂ ತ್ರಾಸಾಗಲಿಲ್ಲಲ್ಲ?"

"ಇಲ್ಲ. ಗಂಟೂ ಇಲ್ಲವಂತೆ."

"ಅತ್ತಿ ಗುಡಿಗೆ ಹೋಗ್ಯಾರ. ಬಂದ ಕೂಡಲೇ ಹೇಳ್ತೀನಿ. ಏನಾತೋ ಏನೋ ಆ ಹುಡುಗಿಗೆ ಅಂತ ಅಡಿಗಿ ಮನ್ಯಾಗ ನನ್ನ ಮುಂದೆ ಒಂದೇ ಸಮ ಅಂತಿದ್ರು." ಆಮೇಲೆ, "ನೀವು ಫೋನ್ ಮಾಡಿದ್ದು ಚಲೋ ಆತು ರೀ," ಎಂದಳು.

ಹಿಂದೆ ಕೂಸು ಅತ್ತಿತು. ಇಡುತ್ತೇನೆ ಎಂದೆ. ಆ ಮನೆಗೆ ನಾನು ಮತ್ತೆ ಹೋಗಲಿಲ್ಲ, ಫೋನನ್ನೂ ಮಾಡಲಿಲ್ಲ.