ಹಲ್ಲು ತೆಗೆದಿಟ್ಟ ಮಾತು

ಬಸವಕಲ್ಯಾಣದ ದೊಡ್ಡವ್ವನಿಗೆ ಹಲ್ಲಿರಲಿಲ್ಲ. ಫೋನಿನಲ್ಲಿ ಅವಳ ಮಾತು ಕಲಸಿದ ಹಿಟ್ಟಿನಂತೆ ಬರುತ್ತಿತ್ತು. ಅವಳ ಮಡಿಲಲ್ಲೇ ಬೆಳೆದ ನನಗೊಬ್ಬನಿಗೆ ಅದು ತಿಳಿಯುತ್ತಿದ್ದುದರಿಂದ, ಮನೆಮಂದಿಯ ನಡುವೆ ಕುಳಿತೇ ಗುಟ್ಟು ಹೇಳುತ್ತಿದ್ದಳು.

ಹುಮನಾಬಾದಿನ ಕಾಲೇಜಿನಲ್ಲಿ ನಾನು ಗಣಿತ ಕಲಿಸುತ್ತೇನೆ. ಕ್ವಾಂಟಮ್ ಕಂಪ್ಯೂಟರಿಗೂ ಜಗ್ಗದ ಗುಪ್ತಲಿಪಿಗಳಿಗೆ ಈಗ ಜಗತ್ತು ಮಾನದಂಡ ಗೊತ್ತುಮಾಡುತ್ತಿದೆ. ಅವುಗಳಲ್ಲಿ ಒಂದು ಬಗೆ ನನಗೆ ಬಲು ಇಷ್ಟ. ಸಂದೇಶದಲ್ಲಿ ಬೇಕಂತಲೇ ತಪ್ಪು ಬೆರೆಸಿ ಕಳಿಸುತ್ತಾರೆ. ತಿದ್ದುವ ಗುಟ್ಟು ಬಲ್ಲವನಿಗೆ ಅರ್ಥ ಸಿಗುತ್ತದೆ, ಉಳಿದವರಿಗೆ ಬರೀ ಗದ್ದಲ. "ಬೇಕಂತ ಯಾರ್ ತಪ್ಪ ಮಾಡ್ತಾರ್ರಿ ಸರ್?" ಎಂದು ವಿದ್ಯಾರ್ಥಿಗಳು ನಗುತ್ತಾರೆ. ನನಗೆ ಸಿಟ್ಟು ಬರುತ್ತದೆ, ಬೋರ್ಡು ಒರೆಸಿ ಮತ್ತೆ ಮೊದಲಿಂದ ಬರೆಯುತ್ತೇನೆ.

ಈಚೆಗೆ ದೊಡ್ಡವ್ವನ ಸೊಸೆ ಮುಂದೆ ನಿಂತು ಅವಳಿಗೆ ಹಲ್ಲಿನ ಸೆಟ್ ಹಾಕಿಸಿದಳು. ಮಾತು ಎಲ್ಲರಿಗೂ ತಿಳಿಯತೊಡಗಿತು. ಆಮೇಲೆ ಫೋನಿನಲ್ಲಿ "ಉಂಡೀಯೇನು?" ಬಿಟ್ಟರೆ ಬೇರೆ ಮಾತೇ ಇಲ್ಲ.

ನಿನ್ನೆ ಸಂಜೆ ಬಸ್ಸಿನಲ್ಲಿ ಜೋಂಪು ಹತ್ತಿತ್ತು. ಕಿಟಕಿಯಾಚೆ ತೊಗರಿ ಹೂವಿನ ಹಳದಿ ತೇಲಿ ಹೋಗುತ್ತಿತ್ತು. ಆಗ ಫೋನು ಬಂತು. ಕನಸಿನೊಳಗಿಂದ ಎಂಬಂತೆ ಅದೇ ಹಳೆಯ ಕಲಸಿದ ಮಾತು.

"ಹಲ್ಲ ಎಲ್ಲಿ ದೊಡ್ಡವ್ವ?"

"ತೆಗದು ನೀರಾಗ ಇಟ್ಟೀನಿ. ಸೊಸಿ ಬಾಜೂಕ ಕುಂತಾಳ. ಈಗ ಕೇಳು."